ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕೆ? ಸೆಕೆಂಡಿನಿಂದ ಶುರುಮಾಡಿ

‘ನೀವು ಅತ್ತ ಹೋದ ತಕ್ಷಣ ನಿಮ್ಮ ನಾಯಿ ಒಂದೇ ಸಮನೆ ಊಳಿಡುತ್ತೆ’ ಎಂದು ಪಕ್ಕದ ಫ್ಲ್ಯಾಟಿನವರು ಹೇಳುವವರೆಗೆ ಎಷ್ಟೋ ಮನೆಗಳಲ್ಲಿ ವಿಷಯವೇ ಗೊತ್ತಿರುವುದಿಲ್ಲ. ಸಂಜೆ ಬಂದು ನೋಡಿದರೆ ಬಾಗಿಲ ಚೌಕಟ್ಟಿನ ಮೇಲೆ ಪರಚಿದ ಗೆರೆ, ಕಾಲೊರಸಿನ ಮೇಲೆ ಉಚ್ಚೆ, ಹರಿದ ದಿಂಬು. ‘ಬಿಟ್ಟು ಹೋಗಿದ್ದಕ್ಕೆ ಸೇಡು ತೀರಿಸಿಕೊಂಡಿದೆ’ ಎಂಬ ತೀರ್ಪು ಬೇರೆ. ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿಗೆ ಆಗುವ ಗಾಬರಿಯೇ ಇದು ಎಂದುಕೊಂಡರೆ ಮುಂದಿನ ಕೆಲಸ ಸುಲಭ. ಕೊರೊನಾ ಕಾಲದಲ್ಲಿ ಮನೆತುಂಬ ಜನರಿದ್ದಾಗ ಬೆಳೆದ ಮರಿಗಳಲ್ಲಿ, ಈಗ ವಾರದಲ್ಲಿ ಮೂರು ದಿನ ಆಫೀಸು, ಎರಡು ದಿನ ಮನೆ ಎಂಬ ಲೆಕ್ಕದಲ್ಲಿ ಬದುಕುವವರ ನಾಯಿಗಳಲ್ಲಿ ಇದನ್ನು ಕಾಣಬಹುದು.

ಮೊದಲು ನೋಡಿ, ಆಮೇಲೆ ಕಲಿಸಿ

ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನನ್ನು ಚಾರ್ಜರಿಗೆ ಹಾಕಿ, ಮುಂಬಾಗಿಲು ಕಾಣುವಂತೆ ಎತ್ತರದಲ್ಲಿ ಇಟ್ಟು ವಿಡಿಯೊ ಶುರುಮಾಡಿ ಹೊರಡಿ. ಮೊದಲ ಮುಕ್ಕಾಲು ಗಂಟೆಯ ದೃಶ್ಯ ಸಾಕು, ಏಕೆಂದರೆ ಗಾಬರಿ ಬೀಳುವ ನಾಯಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಅದನ್ನು ತೋರಿಸಿಬಿಡುತ್ತದೆ.

ವಿಡಿಯೊದಲ್ಲಿ ಸಿಗುವುದು ಹೆಚ್ಚಾಗಿ ಮೂರು ಬಗೆ. ಒಂದು, ಒಂದು ನಿದ್ದೆ ತೆಗೆದು, ಮೈಮುರಿದು, ಆಮೇಲೆ ನಿಮ್ಮ ಚಪ್ಪಲಿ ಹುಡುಕಿ ಕಚ್ಚುವ ನಾಯಿ. ಅದಕ್ಕೆ ಬೇಜಾರಾಗಿದೆ, ಅಷ್ಟೆ. ಇನ್ನೊಂದು, ಲಿಫ್ಟಿನ ಸದ್ದು, ಡೆಲಿವರಿ ಹುಡುಗರ ಹೆಜ್ಜೆ, ಕಿಟಕಿಯಾಚೆಯ ಬೆಕ್ಕಿಗೆ ಬೊಗಳಿ ಮತ್ತೆ ಮಲಗುವ ಕಾವಲುಗಾರ. ಕೆಳಗಿನ ಹಂತಗಳು ಮುಖ್ಯವಾಗಿ ಮೂರನೆಯದಕ್ಕೆ: ಬಾಗಿಲಿಗೂ ಕಿಟಕಿಗೂ ಅಲೆದಾಡುವುದು, ಸೆಖೆ ಇಲ್ಲದಿದ್ದರೂ ತೇಕುವುದು, ಜೊಲ್ಲು ಸುರಿಸುವುದು, ಚಿಲಕದ ಸುತ್ತ ಮರ ಕಚ್ಚುವುದು, ಇಷ್ಟದ ತಿಂಡಿಯನ್ನೂ ಮೂಸದಿರುವುದು.

ವಿಡಿಯೊವನ್ನು ಪಶುವೈದ್ಯರಿಗೂ ತೋರಿಸಿ. ಮೂತ್ರದ ಸೋಂಕು, ಕೀಲುನೋವು, ಮುಪ್ಪಿನ ಮರೆವು ಕೂಡ ಇದೇ ಲಕ್ಷಣಗಳನ್ನು ಕೊಡಬಲ್ಲವು. ಅಂಥ ನಾಯಿಗೆ ತರಬೇತಿ ಕೊಟ್ಟು ಫಲವಿಲ್ಲ.

ಜಾಗದ ವ್ಯವಸ್ಥೆ

ಬಾಲ್ಕನಿ ಬೇಡವೇ ಬೇಡ. ಏಪ್ರಿಲ್ ತಿಂಗಳಲ್ಲಿ ಪಶ್ಚಿಮ ದಿಕ್ಕಿನ ಬಾಲ್ಕನಿಯ ನೆಲ ಮಧ್ಯಾಹ್ನ ಕಾದ ಹೆಂಚಿನಂತಿರುತ್ತದೆ. ಗಾಬರಿಯಾದ ನಾಯಿ ಗ್ರಿಲ್ಲಿನ ಸಂದಿಯಲ್ಲಿ ತಲೆ ತೂರಿಸಲೂಬಹುದು. ಬಚ್ಚಲಲ್ಲಿ ಕೂಡಿಹಾಕುವುದು, ಕಟ್ಟಿಹಾಕುವುದು ಇನ್ನೂ ಕೆಟ್ಟದ್ದು. ನಾಯಿಯನ್ನು ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸದಾ ಕಟ್ಟಿದ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಪಂಜರಕ್ಕೆ ಮೊದಲಿನಿಂದ ಒಗ್ಗಿದ ನಾಯಿಗೆ ಅದು ಗೂಡು. ಗಾಬರಿಯ ನಾಯಿಯನ್ನು ಒಮ್ಮೆಲೇ ಒಳಗೆ ತಳ್ಳಿದರೆ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ.

ಹಾಲ್ ಅಥವಾ ಅದು ರಾತ್ರಿ ಮಲಗುವ ಕೋಣೆಯೇ ಒಳ್ಳೆಯದು. ಫ್ಯಾನು ಇನ್ವರ್ಟರಿನ ಲೈನಿನಲ್ಲಿರಲಿ. ನೀರು ಎರಡು ಕಡೆ ಇರಲಿ, ಅದರಲ್ಲಿ ಒಂದು ಮಗುಚದಂಥ ಭಾರದ ಪಾತ್ರೆ. ನೀವು ಹಿಂದಿನ ದಿನ ಉಟ್ಟ, ಒಗೆಯದ ಬಟ್ಟೆಯೊಂದನ್ನು ಹಾಸಿಗೆಯ ಮೇಲೆ ಬಿಡಿ. ರಸ್ತೆ ಕಡೆಯ ಪರದೆ ಎಳೆಯಿರಿ. ಹೊರಗಿನ ಸದ್ದು ಮುಚ್ಚಲು ರೇಡಿಯೊ ಸಣ್ಣಗೆ ಹಾಕಬಹುದು. ಆದರೆ ನೀವು ಮನೆಯಲ್ಲಿದ್ದಾಗಲೂ ಅದನ್ನು ಆಗಾಗ ಹಾಕಬೇಕು. ಇಲ್ಲದಿದ್ದರೆ ‘ರೇಡಿಯೊ ಹಚ್ಚಿದರು, ಇನ್ನು ಹೊರಟರು’ ಎಂದು ನಾಯಿ ನಾಲ್ಕೇ ದಿನದಲ್ಲಿ ಲೆಕ್ಕ ಹಾಕುತ್ತದೆ.

ಸೆಕೆಂಡುಗಳ ಅಭ್ಯಾಸ

ಇದೇ ಚಿಕಿತ್ಸೆಯ ತಿರುಳು. ಜನ ಕೈಬಿಡುವುದೂ ಇಲ್ಲೇ. ನಿಯಮ ಒಂದೇ: ನಾಯಿಗೆ ಗಾಬರಿ ಶುರುವಾಗುವ ಮೊದಲೇ ವಾಪಸ್ ಬರಬೇಕು. ಅಭ್ಯಾಸ ನಡೆಯುವ ವಾರಗಳಲ್ಲಿ ಅದನ್ನು ಅದರ ತಾಳ್ಮೆಗೆ ಮೀರಿ ಒಂಟಿಯಾಗಿ ಬಿಡುವಂತಿಲ್ಲ. ಬೆಳಿಗ್ಗೆ ಹತ್ತು ಸೆಕೆಂಡಿನ ಪಾಠ ಮಾಡಿ, ಮಧ್ಯಾಹ್ನ ಐದು ಗಂಟೆ ಬಿಟ್ಟು ಹೋದರೆ ಪಾಠವೆಲ್ಲ ನೀರುಪಾಲು. ಅಷ್ಟು ದಿನ ಅಜ್ಜಿ ಮನೆ, ಡಾಗ್ ಡೇ ಕೇರ್, ಗಂಡ ಹೆಂಡತಿ ಆಫೀಸಿನ ದಿನಗಳನ್ನು ಅದಲುಬದಲು ಮಾಡಿಕೊಳ್ಳುವುದು, ಮಹಡಿ ಮೇಲಿನ ಕಾಲೇಜು ಹುಡುಗಿಗೆ ಪುಸ್ತಕ ತಂದು ಇಲ್ಲೇ ಓದಲು ಹೇಳುವುದು, ಏನಾದರೊಂದು ಹೊಂದಿಸಿಕೊಳ್ಳಬೇಕು.

ಮೊದಲ ಕೆಲವು ದಿನ ಹೊರಡುವ ಸೂಚನೆಗಳ ಅರ್ಥವನ್ನು ಅಳಿಸಿ. ಬೀಗದ ಕೈ ಝಣಗುಟ್ಟಿಸಿ, ಹೋಗಿ ಸೋಫಾದಲ್ಲಿ ಕೂರಿ. ಶೂ ಹಾಕಿಕೊಂಡು ತರಕಾರಿ ಹೆಚ್ಚಿ. ಬ್ಯಾಗ್ ಹೆಗಲಿಗೇರಿಸಿ ಟಿ.ವಿ. ನೋಡಿ. ದಿನಕ್ಕೆ ಐದಾರು ಸಲ ಸಾಕು, ನಡುವೆ ಅಂತರವಿರಲಿ. ಬೆನ್ನುಬೆನ್ನಿಗೆ ಮಾಡಿದರೆ ನಾಯಿ ಇನ್ನಷ್ಟು ಕಂಗಾಲಾಗುತ್ತದೆ.

ಆಮೇಲೆ ಬಾಗಿಲು. ಬಾಗಿಲವರೆಗೆ ಹೋಗಿ ಬನ್ನಿ. ಚಿಲಕ ಮುಟ್ಟಿ ಬನ್ನಿ. ತೆರೆದು ಮುಚ್ಚಿ. ಹೊರಗೆ ಹೋಗಿ ಎರಡು ಸೆಕೆಂಡು ನಿಂತು ಒಳಗೆ ಬನ್ನಿ. ಪ್ರತಿ ಸಲವೂ ನಾಯಿಯ ಮೈ ಸಡಿಲವಾಗುವವರೆಗೆ, ಅಂದರೆ ಅರ್ಧದಿಂದ ಒಂದು ನಿಮಿಷ, ಕಾದು ಮುಂದಿನದಕ್ಕೆ ಹೋಗಿ. ಹೊರಗಿರುವ ಹೊತ್ತು ಮೆಟ್ಟಿಲಂತೆ ಏರುತ್ತಲೇ ಹೋಗಬಾರದು: 5 ಸೆಕೆಂಡು, 10, 3, 15, 6, 20, 10 ಹೀಗೆ ಹಿಂದೆಮುಂದೆ ಇರಲಿ. ಪ್ರತಿ ಬಾರಿಯೂ ಹೆಚ್ಚಾದರೆ ಮುಂದಿನದು ಇನ್ನೂ ಕಷ್ಟ ಎಂದು ನಾಯಿ ಊಹಿಸಿಬಿಡುತ್ತದೆ. ದಿನಕ್ಕೆ ಒಂದೇ ಸಲ, ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ವಾರಕ್ಕೆ ಐದು ದಿನ ಮಾಡಿ, ಎರಡು ದಿನ ಬಿಡುವು ಕೊಡಿ. ಫೋನಿನ ವಿಡಿಯೊ ನೇರವಾಗಿ ನಿಮ್ಮ ಕೈಯಲ್ಲಿರುವ ಫೋನಿಗೆ ಬರುವಂತೆ ಮಾಡಿಕೊಂಡರೆ ಹೊರಗಿನಿಂದಲೇ ನೋಡಬಹುದು. ತುಟಿ ನೆಕ್ಕುವುದು, ಆಕಳಿಸುವುದು, ಕಿವಿ ಹಿಂದಕ್ಕೆ ಒತ್ತುವುದು ಕಂಡರೆ ಅವತ್ತಿನ ಮಿತಿ ಅದೇ.

ಅಪಾರ್ಟ್‌ಮೆಂಟಿನಲ್ಲಿ ಒಂದು ವಿಶೇಷ ತೊಡಕಿದೆ. ನೀವು ಬಾಗಿಲ ಹೊರಗೇ ನಿಂತಿದ್ದರೆ ಅದು ವಾಸನೆಯಿಂದಲೇ ನಾಯಿಗೆ ಗೊತ್ತು; ಐದು ನಿಮಿಷ ತೆಪ್ಪಗಿರುತ್ತದೆ. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಊಳು ಶುರು. ಆದ್ದರಿಂದ ಲಿಫ್ಟ್ ಕರೆಯುವುದು, ಒಂದು ಮಹಡಿ ಇಳಿಯುವುದು, ಸ್ಕೂಟರ್ ಸ್ಟಾರ್ಟ್ ಮಾಡಿ ಆಫ್ ಮಾಡುವುದು, ಗೇಟಿನವರೆಗೆ ಓಡಿಸಿ ಬರುವುದು, ಇವೆಲ್ಲವೂ ಬೇರೆ ಬೇರೆ ಮೆಟ್ಟಿಲು ಎಂದೇ ಎಣಿಸಿ. ಹೊಸ ಮೆಟ್ಟಿಲು ಸೇರಿಸಿದ ದಿನ ಸಮಯ ತಗ್ಗಿಸಿ.

ಮೊದಲ ಅರ್ಧ ಗಂಟೆ ಮುಟ್ಟಲು ವಾರಗಳೇ ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳು. ಅಲ್ಲಿಂದಾಚೆ ಐದು ಹತ್ತು ನಿಮಿಷಗಳ ಜಿಗಿತ ಸಾಧ್ಯ. ಒಂದೂವರೆ ಗಂಟೆ ನಿದ್ದೆ ಮಾಡುವ ನಾಯಿ ಮೂರು ಗಂಟೆಗೂ ಬೇಗ ಒಗ್ಗುತ್ತದೆ. ನಡುವೆ ಒಂದು ದಿನ ಕೆಟ್ಟರೆ ಮರುದಿನ ಅರ್ಧ ಸಮಯಕ್ಕೆ ಇಳಿಯಿರಿ.

‘ಕೂಗುವಾಗ ಒಳಗೆ ಹೋದರೆ ಕೂಗುವುದೇ ಅಭ್ಯಾಸವಾಗುತ್ತೆ’ ಎಂಬ ಮಾತು ಬೇಜಾರಿನ ನಾಯಿಗೆ ಸ್ವಲ್ಪ ಅನ್ವಯಿಸೀತು. ಗಾಬರಿಯ ನಾಯಿ ಊಳಿಡುತ್ತಿದ್ದರೆ ಒಳಗೆ ಹೋಗಿಬಿಡಿ. ಹೊರಗೆ ನಿಂತು ಕಾಯುವುದರಿಂದ ಅದು ಕಲಿಯುವುದು ಬಾಗಿಲು ಭಯಾನಕ ಎಂಬುದನ್ನು ಮಾತ್ರ.

ತಿಂಡಿ, ಓಡಾಟ

ಬೇಜಾರಿನ ನಾಯಿಗೆ ಇದು ರಾಮಬಾಣ. ಟೊಳ್ಳಾದ ಗಟ್ಟಿ ರಬ್ಬರ್ ಆಟಿಕೆಯೊಳಗೆ ಅರ್ಧ ಬಟ್ಟಲು ಮೆತ್ತಗಿನ ಅನ್ನ, ಎರಡು ಚಮಚ ಮೊಸರು, ಬೇಯಿಸಿ ಹಿಸುಕಿದ ಸಿಹಿಕುಂಬಳ ತುಂಬಿ ನಾಲ್ಕು ಗಂಟೆ ಫ್ರೀಜರಿನಲ್ಲಿಡಿ. ರಾಗಿ ಮುದ್ದೆಯೂ ನಡೆಯುತ್ತದೆ. ಮನೆಯ ಮೊಸರನ್ನವನ್ನೇ ತುಂಬಬೇಡಿ: ಉಪ್ಪು, ಒಗ್ಗರಣೆ ಒತ್ತಟ್ಟಿಗಿರಲಿ, ಅದರಲ್ಲಿನ ಈರುಳ್ಳಿಯೂ ದ್ರಾಕ್ಷಿಯೂ ನಾಯಿಗೆ ವಿಷ. ಕಡಲೆಕಾಯಿ ಬೆಣ್ಣೆ ಬಳಸುವುದಾದರೆ ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂಬ ಸಿಹಿಕಾರಕದ ಹೆಸರಿದೆಯೇ ನೋಡಿ, ಇದ್ದರೆ ತರಬೇಡಿ. ಬೇಯಿಸಿದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಒಳಗೆ ತುಂಬಿದಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ.

ಗಾಬರಿಯ ನಾಯಿ ಇದನ್ನು ಮುಟ್ಟುವುದೇ ಇಲ್ಲ, ಅಥವಾ ಹತ್ತು ನಿಮಿಷ ನೆಕ್ಕಿ ಮುಗಿಸಿ, ತಲೆಯೆತ್ತಿ ನೋಡಿ ‘ಅಯ್ಯೋ’ ಎನ್ನುತ್ತದೆ. ಅದಕ್ಕೆ ತಿಂಡಿಯನ್ನು ಲಂಚವಾಗಿ ನಂಬಬೇಡಿ.

ಬೆಳಗಿನ ವಾಕಿಂಗ್ ಮೂವತ್ತರಿಂದ ನಲವತ್ತು ನಿಮಿಷ ಇರಲಿ. ಹಗ್ಗ ಎಳೆದುಕೊಂಡು ಬೀಸು ನಡಿಗೆ ಹಾಕುವುದಕ್ಕಿಂತ ಕಂಬ, ಪೊದೆ, ಮಣ್ಣು ಮೂಸಲು ಬಿಟ್ಟರೆ ಅದರ ತಲೆಗೆ ಕೆಲಸ ಸಿಗುತ್ತದೆ. ಮುಧೋಳ ತಳಿಯಂಥ ಬೇಟೆನಾಯಿಗೆ ಇಷ್ಟು ಸಾಲದು, ಬೇಲಿಯಿರುವ ಬಯಲಿನಲ್ಲಿ ಓಡಲು ಬಿಡಬೇಕು. ವಾಪಸ್ ಬಂದ ಮೇಲೆ ಅರ್ಧ ಗಂಟೆ ಬಿಟ್ಟು ಹೊರಡಿ. ತೇಕುತ್ತಿರುವಾಗಲೇ ಬಾಗಿಲು ಹಾಕಿಕೊಂಡರೆ ಆ ಉದ್ವೇಗ ಹಾಗೇ ಉಳಿಯುತ್ತದೆ.

ಎಷ್ಟು ಹೊತ್ತು ಬಿಡಬಹುದು?

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ: ಮೂರು ತಿಂಗಳ ಮರಿ ಹೆಚ್ಚೆಂದರೆ ನಾಲ್ಕು ಗಂಟೆ ಉಚ್ಚೆ ತಡೆದೀತು. ತಡೆಯಬಲ್ಲದು ಎಂದ ಮಾತ್ರಕ್ಕೆ ಅಷ್ಟು ಹೊತ್ತು ಒಂಟಿಯಾಗಿರಬಲ್ಲದು ಎಂದಲ್ಲ. ಬೆಳೆದ ನಾಯಿಗೂ ನಾಲ್ಕರಿಂದ ಆರು ಗಂಟೆ ಮೀರಿದರೆ ಮಧ್ಯೆ ಯಾರಾದರೂ ಬಂದು ಹೊರಗೆ ಕರೆದೊಯ್ಯಬೇಕು. ಮನೆಗೆಲಸದವರ ಸಮಯವನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡರೆ ಎಷ್ಟೋ ಮನೆಗಳ ತೊಂದರೆ ಅರ್ಧ ಕರಗುತ್ತದೆ. ಅವರಿಗೆ ನಾಯಿಯ ಭಯವಿಲ್ಲವೇ ಎಂದು ಮೊದಲು ಕೇಳಿ, ಈ ಕೆಲಸಕ್ಕೆ ಬೇರೆ ಸಂಬಳ ಕೊಡಿ.

ಬೈಗುಳ, ಬೆಲ್ಟು, ಮಾತ್ರೆ

ಸಂಜೆ ಬಂದು ಹರಿದ ದಿಂಬು ತೋರಿಸಿ ಬೈದರೆ ನಾಯಿ ತಲೆ ತಗ್ಗಿಸುತ್ತದೆ. ‘ನೋಡಿ, ತಪ್ಪು ಗೊತ್ತು ಅದಕ್ಕೆ!’ ಎನ್ನುತ್ತೇವೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಮುಖಭಾವ ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದರ ಮೇಲೆ ನಿಂತಿರಲಿಲ್ಲ; ಯಜಮಾನರು ಗದರಿದಾಗ ಹೆಚ್ಚು ಕಾಣಿಸಿಕೊಂಡಿತು. ಬೊಗಳಿದರೆ ಶಾಕ್ ಕೊಡುವ ಬೆಲ್ಟು ಸದ್ದನ್ನು ನಿಲ್ಲಿಸಬಹುದು, ಒಳಗಿನ ಭಯಕ್ಕೆ ನೋವೂ ಸೇರುತ್ತದೆ. ಜೊತೆಗಿರಲಿ ಎಂದು ಇನ್ನೊಂದು ನಾಯಿ ತಂದವರ ಮನೆಯಲ್ಲಿ ಎರಡು ಸೇರಿ ಊಳಿಟ್ಟದ್ದೂ ಉಂಟು. ಅದು ಹುಡುಕುತ್ತಿರುವುದು ಮನುಷ್ಯರನ್ನು.

ಎರಡು ಸೆಕೆಂಡನ್ನೂ ತಾಳದ, ಮೈ ಗಾಯ ಮಾಡಿಕೊಳ್ಳುವ ನಾಯಿಗೆ ಔಷಧ ಬೇಕಾಗುತ್ತದೆ, ಅದರಲ್ಲಿ ಸಂಕೋಚವೇನಿಲ್ಲ. ಪಶುವೈದ್ಯರು ಫ್ಲೂಆಕ್ಸೆಟಿನ್ ಅಥವಾ ಕ್ಲೋಮಿಪ್ರಮೀನ್ ಬರೆದುಕೊಡಬಹುದು. ಇವು ನಾಲ್ಕರಿಂದ ಆರು ವಾರಗಳ ನಂತರವೇ ಪೂರ್ತಿ ಕೆಲಸ ತೋರಿಸುವುದು, ಎರಡನೇ ವಾರಕ್ಕೆ ‘ಏನೂ ಉಪಯೋಗವಿಲ್ಲ’ ಎಂದು ನಿಲ್ಲಿಸಬೇಡಿ. ಮಾತ್ರೆಯ ಜೊತೆಗೆ ಬಾಗಿಲ ಅಭ್ಯಾಸ ನಡೆಯಲೇಬೇಕು. ಮನೆಯಲ್ಲಿ ಯಾರಿಗೋ ಬರೆದ ನಿದ್ದೆ ಮಾತ್ರೆಯನ್ನು ಮುರಿದು ಕೊಡುವುದು ಅಪಾಯ.

ನೆರೆಯವರಿಗೆ ಮೊದಲೇ ಹೇಳಿಡಿ: ‘ತರಬೇತಿ ನಡೀತಿದೆ, ಕೂಗಿದ ಸಮಯ ವಾಟ್ಸ್‌ಆ್ಯಪ್ ಮಾಡಿ.’ ದೂರುವವರೇ ಲೆಕ್ಕ ಬರೆದುಕೊಡುವವರಾಗುತ್ತಾರೆ. ಬೊಗಳಿದ ಕಾರಣಕ್ಕೆ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ನಿವಾಸಿ ಸಂಘಗಳಿಗೆ ಹೇಳುತ್ತದೆ. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಎಂದು ಸಾಕುವವರಿಗೂ ಹೇಳುತ್ತದೆ.

ದಸರಾ ರಜೆ, ಮನೆ ಬದಲಾವಣೆ, ದೀಪಾವಳಿಯ ಪಟಾಕಿ, ಇವುಗಳ ನಂತರ ನಾಯಿ ಹಿಂದಕ್ಕೆ ಜಾರುವುದು ಮಾಮೂಲು. ರಜೆ ಮುಗಿಯುವ ಒಂದು ವಾರ ಮೊದಲೇ ಅಭ್ಯಾಸ ಶುರುಮಾಡಿ. ಹಿಂದೆ ಎರಡು ಗಂಟೆ ಆರಾಮವಾಗಿದ್ದರೆ ಈಗ ಅರ್ಧ ಗಂಟೆಯಿಂದ ಆರಂಭಿಸಿ, ಹಳೇ ಫೋನನ್ನು ಮತ್ತೆ ಚಾರ್ಜಿಗೆ ಹಾಕಿ.