ಮಕ್ಕಳಿಗೆ ಪದ್ಯವನ್ನೂ ಪುಸ್ತಕವನ್ನೂ ಓದಿ ಹೇಳುವ ಬಗೆ

ಮಕ್ಕಳ ಮುಂದೆ ಓದಲು ಪದ್ಯವನ್ನು ಆರಿಸುವಾಗ ಶಿಕ್ಷಕರು ಮೊದಲು ತಮಗೆ ಅದು ಇಷ್ಟವಾಗಿದೆಯೇ ಎಂದು ಕೇಳಿಕೊಳ್ಳಬೇಕು. ಪಠ್ಯದಲ್ಲಿರುವ ಪದ್ಯಗಳನ್ನು ಹೇಗಿದ್ದರೂ ಕಲಿಸಲೇಬೇಕಾಗುತ್ತದೆ. ಆದರೆ ಓದಿನ ರುಚಿ ಹತ್ತಿಸಲೆಂದು ದಿನಕ್ಕೆ ಹತ್ತು ನಿಮಿಷ ತೆಗೆದಿರಿಸಿದರೆ, ಆ ಹೊತ್ತಿನಲ್ಲಿ ಓದುವವರಿಗೆ ನಿಜವಾಗಿ ಹಿಡಿಸಿದ ಪದ್ಯಕ್ಕೆ ಮಾತ್ರ ಜಾಗವಿರಲಿ. ನೀತಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಆರಿಸಿದ ಪದ್ಯವನ್ನು ಎಷ್ಟೇ ಹಾವಭಾವದಿಂದ ಓದಿದರೂ ಅದು ಉಪದೇಶವೆಂಬುದು ಮಕ್ಕಳಿಗೆ ಎರಡನೆಯ ಸಾಲಿಗೇ ಗೊತ್ತಾಗಿಬಿಡುತ್ತದೆ.

ಆರಿಸಿದ ಪದ್ಯವನ್ನು ಹಿಂದಿನ ದಿನವೇ ಗಟ್ಟಿಯಾಗಿ ಓದಿ ಅದರ ಲಯವನ್ನು ಪತ್ತೆಹಚ್ಚಿಕೊಳ್ಳಬೇಕು. ಇದಕ್ಕೆ ಛಂದಸ್ಸಿನ ಪಾಂಡಿತ್ಯವೇನೂ ಬೇಡ. ಹ್ರಸ್ವಾಕ್ಷರಕ್ಕೆ 1 ಮಾತ್ರೆ, ದೀರ್ಘಾಕ್ಷರಕ್ಕೂ ಅನುಸ್ವಾರವಿರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2 ಮಾತ್ರೆ ಎಂಬಷ್ಟು ನೆನಪಿದ್ದರೆ ಕೆಲಸ ನಡೆಯುತ್ತದೆ. ಇಲ್ಲಿಗೆಂದೇ ಕಟ್ಟಿದ ಈ ಎರಡು ಸಾಲುಗಳನ್ನು ನೋಡಿ:

ಗಾಳಿ ಬಂತು, ಗಿಡವು ತೂಗಿ
ಎಲೆಯ ಹನಿಯು ಜಾರಿ ಬಿತ್ತು

ಇಲ್ಲಿ ಪ್ರತಿ ಪದವೂ 3 ಮಾತ್ರೆಯದು, ಸಾಲಿಗೆ 12 ಮಾತ್ರೆ. ‘ಗಾಳಿ’ಯಲ್ಲಿ ಎರಡೇ ಅಕ್ಷರ, ‘ಗಿಡವು’ ಎಂಬಲ್ಲಿ ಮೂರು; ಆದರೂ ಎರಡನ್ನೂ ಹೇಳಲು ಹಿಡಿಯುವ ಕಾಲ ಒಂದೇ. ಪ್ರತಿ ಪದದ ಮೊದಲ ಅಕ್ಷರಕ್ಕೆ ಒಂದು ಚಪ್ಪಾಳೆ ಹಾಕುತ್ತಾ ಮಕ್ಕಳಿಂದ ಹೇಳಿಸಿದರೆ, ‘ಗಾಳಿ’ಯನ್ನು ‘ಗಳಿ’ ಎಂದೋ ‘ಬಿತ್ತು’ ಎಂಬುದನ್ನು ‘ಬಿತು’ ಎಂದೋ ಉಚ್ಚರಿಸುವ ಮಗುವಿನ ಪದ ಮುಂದಿನ ಚಪ್ಪಾಳೆ ಬೀಳುವುದಕ್ಕಿಂತ ಮೊದಲೇ ಮುಗಿದುಹೋಗುತ್ತದೆ. ತಪ್ಪೆಂದು ಯಾರೂ ಬೊಟ್ಟು ಮಾಡದೆಯೇ ಅದು ಮರುಸಲ ತಾನಾಗಿ ದೀರ್ಘವನ್ನು ಎಳೆಯುತ್ತದೆ, ಒತ್ತನ್ನು ಒತ್ತುತ್ತದೆ. ಕೆಂಪು ಶಾಯಿಯ ತಿದ್ದುಪಡಿಗಿಂತ ಇದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ಖಚಿತ ಅಭಿಪ್ರಾಯ. ಲಯ ಕೂತ ಮೇಲೆ ಮಾತ್ರ ಚಪ್ಪಾಳೆಯನ್ನು ಬಿಟ್ಟು, ಅದೇ ಪದ್ಯವನ್ನು ಮಾತಾಡುವ ಧಾಟಿಯಲ್ಲಿ ಓದಬೇಕು; ಇಲ್ಲದಿದ್ದರೆ ಎಲ್ಲ ಪದ್ಯಗಳೂ ಮಗ್ಗಿಯ ರಾಗಕ್ಕೆ ಇಳಿಯುತ್ತವೆ.

ಪ್ರಾಸವಿಲ್ಲದ, ಮಾತ್ರೆಯ ಲೆಕ್ಕಕ್ಕೆ ಸಿಗದ ಪದ್ಯಗಳನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಓದುವಾಗ, ಕವಿ ಸಾಲನ್ನು ಎಲ್ಲಿ ಮುರಿದಿದ್ದಾರೋ ಅಲ್ಲಿ ಅರೆಕ್ಷಣ ನಿಲ್ಲುವುದಷ್ಟೇ ಸಾಕು.

ಓದಿ ಮುಗಿಸಿದ ಕೂಡಲೇ ಸಾರಾಂಶವನ್ನೂ ಕಠಿಣ ಪದಗಳ ಅರ್ಥವನ್ನೂ ಕೇಳಬಾರದು. ಪದ್ಯವನ್ನು ಇನ್ನೊಮ್ಮೆ ಓದಿ, ಯಾವ ಸಾಲು ಮತ್ತೆ ಬೇಕೆಂದು ಕೇಳಿ ನೋಡಿ. ಮಕ್ಕಳು ಆರಿಸುವ ಸಾಲಿನಲ್ಲೇ ಅವರಿಗೆ ಏನು ದಕ್ಕಿತೆಂಬುದು ತಿಳಿಯುತ್ತದೆ. ಅರ್ಥವಾಗದ ಪದವಿದ್ದರೆ ಅದನ್ನು ಅವರೇ ಕೇಳುತ್ತಾರೆ, ಕೇಳದಿದ್ದರೆ ಆ ಪದ ಸದ್ಯಕ್ಕೆ ಬರಿಯ ಸದ್ದಾಗಿಯೇ ಉಳಿಯಲಿ. ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸುವುದಕ್ಕಿಂತ ಗುಂಪಿನಲ್ಲಿ ಹೇಳಿಸುವುದು ಮೇಲು, ಏಕೆಂದರೆ ಓದಲು ತಡವರಿಸುವ ಮಗುವಿನ ದನಿಗೂ ಅಲ್ಲಿ ಆಸರೆ ಇರುತ್ತದೆ.

ಚಿತ್ರಪುಸ್ತಕದ ಓದು ಬೇರೆಯೇ ಕೆಲಸ. ಮುದ್ರಿತ ದೊಡ್ಡ ಹಾಳೆಯನ್ನು ಮಡಚಿದಾಗ ಪುಟಗಳು 8 ಅಥವಾ 16ರ ಕಂತೆಗಳಾಗಿ ಬರುವುದರಿಂದ ಇಂತಹ ಬಹಳಷ್ಟು ಪುಸ್ತಕಗಳು 32 ಪುಟಗಳಲ್ಲಿ ಮುಗಿಯುತ್ತವೆ. ಅಷ್ಟು ಕಡಿಮೆ ಜಾಗದಲ್ಲಿ ಕಥೆ ಹೇಳಬೇಕಾದ್ದರಿಂದ ಬರೆದವರು ಕುತೂಹಲದ ಮಾತನ್ನು ಬಲಪುಟದ ಕೊನೆಗೆ ಇಟ್ಟು, ಉತ್ತರವನ್ನು ಪುಟ ತಿರುವಿದ ಮೇಲೆ ಸಿಗುವಂತೆ ಹೊಂದಿಸಿರುವುದುಂಟು. ಆದ್ದರಿಂದ ಪುಟವನ್ನು ಅವಸರದಿಂದ ತಿರುವಬಾರದು; ಮೂಲೆಯನ್ನು ಬೆರಳಲ್ಲಿ ಹಿಡಿದು, ಮುಂದೇನಾಗಬಹುದೆಂದು ಮಕ್ಕಳು ಕೂಗಿ ಹೇಳುವವರೆಗೂ ಕಾಯಬೇಕು. ಪುಸ್ತಕವನ್ನು ಎದೆಯ ಪಕ್ಕಕ್ಕೆ ಚಾಚಿ, ಚಿತ್ರ ಮಕ್ಕಳ ಕಡೆಗಿರುವಂತೆ ಹಿಡಿದು ಓರೆನೋಟದಲ್ಲಿ ಓದುವುದು ಮೊದಮೊದಲು ಕಷ್ಟವಾದ್ದರಿಂದ, ಪಠ್ಯ ಅರ್ಧದಷ್ಟಾದರೂ ಬಾಯಿಗೆ ಬಂದಿರಬೇಕು. ಚಿತ್ರದಲ್ಲಿ ಕಾಣಿಸುವ ಆದರೆ ಮಾತಿನಲ್ಲಿ ಇಲ್ಲದ ಸಂಗತಿಯನ್ನು ಶಿಕ್ಷಕರು ತಾವಾಗಿ ತೋರಿಸದೆ ಇರುವುದು ಒಳ್ಳೆಯದು. ಮಂಚದಡಿಯ ಬೆಕ್ಕನ್ನು ಮಕ್ಕಳು ನಮಗಿಂತ ಮೊದಲೇ ಕಂಡಿರುತ್ತಾರೆ.

ತರಗತಿಯ ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಡದೆ, ಮುಖಪುಟ ಕಾಣುವಂತೆ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಜೋಡಿಸಬೇಕು. ಕೆಲವು ಹರಿಯುತ್ತವೆ, ಅವಕ್ಕೆ ಅಂಟುಪಟ್ಟಿ ಹಚ್ಚಿದರಾಯಿತು. ಹಿಡಿಸದ ಪುಸ್ತಕವನ್ನು ನಡುವೆಯೇ ಕೈಬಿಡಲು ಮಕ್ಕಳಿಗೆ ಅನುಮತಿಯಿರಲಿ. ಮೌನವಾಗಿ ಓದುವ ಅವಧಿಯಲ್ಲಿ ಶಿಕ್ಷಕರು ಹಾಜರಿ ಪುಸ್ತಕ ತುಂಬುತ್ತಾ ಕೂರದೆ ತಮ್ಮದೇ ಒಂದು ಪುಸ್ತಕ ಹಿಡಿದು ಓದಬೇಕು, ನಗು ಬಂದರೆ ನಗಬೇಕು. ಯಾಕೆ ನಕ್ಕಿರೆಂದು ಯಾರಾದರೂ ಕೇಳಿದರೆ ಆ ಸಾಲನ್ನು ಅಲ್ಲೇ ಓದಿ ಹೇಳಬೇಕು. ಮಕ್ಕಳು ನಿನ್ನೆಯ ಪುಸ್ತಕವನ್ನೇ ಇವತ್ತೂ ಓದಿರೆಂದರೆ, ಹೊಸದನ್ನು ಬದಿಗಿಟ್ಟು ಹಳೆಯದನ್ನೇ ತೆರೆಯಿರಿ.