ಪಾಯಾ ತೋಡುವ ಮೊದಲೇ ಆಕೆಯ ಹೆಸರು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಬಂದಿದ್ದಳು. ಬಾದಾಮಿ ಸೀಮೆಯ ನಮ್ಮ ಹೊಳೆದಂಡೆ ಊರುಗಳ ಮಣ್ಣಿನ ಮನೆಗಳು ನಿಲ್ಲುವ ಮಾತೇ ಇರಲಿಲ್ಲ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಅಂತು. ಆದರೆ ಅದು ಪಂಚಾಯ್ತಿ ಉತಾರದಲ್ಲಿ, ಅಂದರೆ ಆಸ್ತಿ ಯಾರದೆಂದು ತೋರಿಸುವ ದಾಖಲೆಯಲ್ಲಿ, ಹೆಸರಿದ್ದವರಿಗೆ. ಅಲ್ಲಿ ಇದ್ದದ್ದು ಎಂದೋ ತೀರಿಹೋದ ಮಾವನ ಹೆಸರು, ಇಲ್ಲ ಹಿರಿಯ ಭಾವನ ಹೆಸರು.

"ಮೊದಲು ಗ್ವಾಡಿ ಏಳಲಿ, ಹೆಸರು ಆಮ್ಯಾಲೆ ನೋಡೂಣು" ಅಂದರು ಎಲ್ಲರೂ, ನಮ್ಮ ಉಳಿತಾಯ ಸಂಘದವರೂ ಸೇರಿ. 2009ರ ನೆರೆ ಇಳಿದಾಗ ನಾನೂ ಅದನ್ನೇ ನಂಬಿದ್ದೆ. ಹತ್ತು ವರ್ಷವಾದರೂ ನನಗೆ ಗೊತ್ತಿದ್ದ ಐದಾರು ವಿಧವೆಯರ ಕೈಗೆ ಹಕ್ಕುಪತ್ರ ಬರಲಿಲ್ಲ. ಈ ಸಲ ಪಾಯಾಕ್ಕಿಂತ ಮೊದಲೇ ಉತಾರದಲ್ಲಿ ಮನೆಯ ಹೆಂಗಸಿನ ಹೆಸರು ಅಂತ ಹಟ ಹಿಡಿದೆ.

ಮೊದಲ ಪೆಟ್ಟು ಬಾಂಡ್ ಪೇಪರಿನದು. ಹೆಂಡತಿಯ ಹೆಸರು ಏರಿಸೋದಕ್ಕೆ ಗಂಡಂದಿರಿಂದ ಒಪ್ಪಿಗೆ ಬರೆಸಿ, ನೋಟರಿ ಮಾಡಿಸಿ ಒಯ್ದೆ. ನೋಂದಣಿಯಾಗದ ಪತ್ರ ನಡೆಯೋದಿಲ್ಲ ಅಂತ ಎಲ್ಲವೂ ವಾಪಸ್ ಬಂದವು. ಏಳೆಂಟು ಸಾವಿರ ನೀರಿಗೆ ಹೋಯಿತು.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ವಾರಸಾಕ್ಕೆ, ಅಂದರೆ ತೀರಿದವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸೋದಕ್ಕೆ, ಮರಣ ಪ್ರಮಾಣಪತ್ರ ಬೇಕು. ಎಷ್ಟೋ ಗಂಡಂದಿರ ಸಾವು ದಾಖಲೇ ಆಗಿರಲಿಲ್ಲ. ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಿತ್ತು. ಒಬ್ಬೊಬ್ಬರಿಗೆ ಮೂರು ಸಾವಿರ ಕೇಳಿದ ವಕೀಲರು ಒಂಬತ್ತು ಅರ್ಜಿ ಒಟ್ಟಿಗೆ ತಂದಾಗ ಅರ್ಧಕ್ಕೆ ಇಳಿದರು. ಒಬ್ಬಾಕೆಯ ಹತ್ತಿರ ಗಂಡನ ಆಸ್ಪತ್ರೆ ಚೀಟಿ ಇತ್ತು, ನೆನೆದು ಮುದ್ದೆಯಾಗಿತ್ತು. ಆರಿದ ರೊಟ್ಟಿ ಹಂಚಿನ ಮೇಲೆ ಅರಿವೆ ಹಾಸಿ, ಎರಡು ದಿನ ಪದರು ಪದರಾಗಿ ಬಿಡಿಸಿದೆವು. ತಾರೀಖು ಉಳಿದಿತ್ತು. ಆ ತಾರೀಖೇ ಕೋರ್ಟಿನಲ್ಲಿ ಕೆಲಸ ಮಾಡಿತು.

ವಂಶವೃಕ್ಷದಲ್ಲಿ ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳನ್ನು ಬಿಡುವ ರೂಢಿ ಉಂಟಲ್ಲ, ಅದನ್ನು ನಾನು ಒಪ್ಪಲಿಲ್ಲ. ಅವರಿಂದ ಹಕ್ಕುಬಿಟ್ಟ ಪತ್ರವನ್ನೂ ಬರೆಸಲಿಲ್ಲ. ಇದರಿಂದ ಎರಡು ಮನೆಯ ಕೆಲಸ ಕೆಟ್ಟಿತು. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ತಕರಾರು ಏಳದಂತೆ ಭಾವಂದಿರ ಹತ್ತಿರ ಯಾವ ಮಾತು ಮೊದಲು ತೆಗೆಯಬೇಕು, ಯಾರನ್ನು ಜೊತೆಗೆ ಕರೆದೊಯ್ಯಬೇಕು ಅನ್ನೋದನ್ನು ಇಲ್ಲಿ ಬರೆಯಲಾರೆ. ಬರೆದರೆ ಮುಂದಿನ ಊರಲ್ಲಿ ಅದು ನಡೆಯೋದಿಲ್ಲ.

ಟಂಟಂ ಆಟೋ ಬಾಡಿಗೆ, ಝೆರಾಕ್ಸ್, ವಕೀಲರು, ಕೆಲವರಿಗೆ ನೋಂದಣಿ ಖರ್ಚು ಎಲ್ಲ ಸೇರಿ ಅರವತ್ತು ಸಾವಿರದ ಸುತ್ತಮುತ್ತ ಹೋಗಿರಬೇಕು. ಸಂಘದ ಉಳಿತಾಯದಿಂದ ಎತ್ತಿದ್ದು. ಮೊದಲ ಕಂತಿನ 1 ಲಕ್ಷ ಬಂದ ಮೇಲೆ ಹೆಚ್ಚಿನವರು ತಾವಾಗಿಯೇ ತಂದು ಕಟ್ಟಿದರು. ಕೂಲಿ ಕಳೆದುಕೊಂಡ ದಿನಗಳನ್ನು ಯಾರೂ ಲೆಕ್ಕ ಹಿಡಿಯಲಿಲ್ಲ, ಹಿಡಿಯಬೇಕಿತ್ತು.

ನಡುವೆ ಹೊಲದ ಉತಾರಕ್ಕೂ ಕೈಹಾಕಿದೆ. ಹನ್ನೊಂದರಲ್ಲಿ ಎರಡೇ ಆದವು. ಮನೆ ಬಿಟ್ಟಾರು, ಕಪ್ಪು ಮಣ್ಣಿನ ಎರಿ ಹೊಲ ಬಿಡೋದಿಲ್ಲ.

ಮನೆ ಮಾತ್ರ ಇಪ್ಪತ್ತಾರೋ ಇಪ್ಪತ್ತೇಳೋ ಆದವು. ಕೆಲವು ಆಕೆಯೊಬ್ಬಳ ಹೆಸರಿಗೆ, ಉಳಿದವು ಜಂಟಿ. ನಮ್ಮ ಸುತ್ತ ಇಷ್ಟು ಮಾಡಿದವರು ಬೇರೆ ಯಾರೂ ಇಲ್ಲ. ಚೀಟಿ ಒಣಗಿಸಿದ್ದೆವಲ್ಲ, ಆಕೆಯ ಪಾಯಾದ, ಜಾಗವೂ ದಾಖಲಾಗುವ ಜಿಪಿಎಸ್ ಫೋಟೋಕ್ಕೆ ಭಾವ ಅಂಗಿ ಸರಿಮಾಡಿಕೊಂಡು ಬಂದು ನಿಂತ. ಫೋನ್ ಹಿಡಿದವರು ಪಟ್ಟಿ ನೋಡಿ ಆಕೆಯ ಹೆಸರು ಕೂಗಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಪಾಯಾದ ಕಲ್ಲು ಹತ್ತಿದಳು.

ಹೊಲದ ಮೂರು ತಕರಾರು ಇನ್ನೂ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿವೆ. ಮುಂದಿನ ತಾರೀಖಿಗೆ ಟಂಟಂ ಹೇಳಿಟ್ಟಿದ್ದೇನೆ.