ಹೊಸಬರಿಗೆ ಮಾರ್ಗದರ್ಶಿ: ಕೌನ್ಸಿಲ್ ಚುನಾವಣೆಯ ಕವರ್ ಬಿಸಾಡಬೇಡಿ

ಮೆಲ್ಬರ್ನ್‌ನ ಆಗ್ನೇಯ ದಿಕ್ಕಿಗೆ, ಅಂದರೆ ಕ್ರ್ಯಾನ್‌ಬರ್ನ್, ಕ್ಲೈಡ್, ಬೆರಿಕ್, ನ್ಯಾರಿ ವಾರನ್ ಕಡೆಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಇದನ್ನು ಬರೆಯುತ್ತಿದ್ದೇವೆ. ಮೆಡಿಕೇರ್, ಶಾಲೆ, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಸಂಘದಲ್ಲಿ ಕೇಳಿದರೆ ಹತ್ತು ಜನ ಹೇಳುತ್ತಾರೆ. ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ ಚುನಾವಣೆ ಬಗ್ಗೆ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಇದು.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. 2024ರ ಅಕ್ಟೋಬರ್. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಆ ವಾರ ಮೇಲ್‌ಬಾಕ್ಸ್‌ನಲ್ಲಿ ಎರಡು ದಪ್ಪ ಕವರ್ ಬಂದವು. ಒಂದು ಇವರ ಹೆಸರಿಗೆ, ಒಂದು ನನ್ನ ಹೆಸರಿಗೆ. ಪಿಜ್ಜಾ ಕೂಪನ್, ರಿಯಲ್ ಎಸ್ಟೇಟ್ ಏಜೆಂಟರ ಕ್ಯಾಲೆಂಡರ್ ಜೊತೆ ಅವನ್ನೂ ತಂದು ಕೆಳಗಿನ ಮೆಟ್ಟಿಲ ಹಿಂದೆ, ಶೆಟ್ಟರ ಅಂಗಡಿ ಗೊಂಬೆ ಪಕ್ಕ ಇಟ್ಟೆ. ಇವರು ತಮ್ಮದನ್ನು ಹುಡುಕಿ, ತುಂಬಿ, ಕಳಿಸಿಯೂ ಆಯಿತು. ನನಗೆ ಹೇಳಿದ್ದರಂತೆ. ನಾನು ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದೆನಂತೆ.

ಚುನಾವಣೆ 26ನೇ ತಾರೀಕು ಶನಿವಾರ ಎಂದು ಎಲ್ಲೋ ಓದಿದ್ದೆ. ಹಿಂದಿನ ವರ್ಷದ ರೆಫರೆಂಡಂನಲ್ಲಿ ಮಕ್ಕಳ ಶಾಲೆಗೆ ಹೋಗಿ ಸಾಲಿನಲ್ಲಿ ನಿಂತು ವೋಟು ಹಾಕಿದ್ದೆ. ಗೇಟಿನ ಹತ್ತಿರ ಸಾಸೇಜ್ ಸುಡುತ್ತಿದ್ದರು. ನಾವು ಸಸ್ಯಾಹಾರಿಗಳು, ಬ್ರೆಡ್ಡಿಗೆ ಬರೀ ಈರುಳ್ಳಿ ಹಾಕಿಸಿಕೊಂಡು ತಿಂದಿದ್ದೆವು. ಈ ಸಲವೂ ಹಾಗೇ ಅಂದುಕೊಂಡು ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಶಾಲೆಗೆ ಹೋದೆ. ಗೇಟಿಗೆ ಬೀಗ. ಒಂದು ನಾಯಿ, ಅದರ ಯಜಮಾನ. ಅವರನ್ನೇ ಕೇಳಿದೆ. "ಅದು ಪೋಸ್ಟಲ್ ಅಲ್ವಾ, ನಿನ್ನೆಗೇ ಮುಗೀತಲ್ಲ" ಎಂದರು. ಮಗ ಮಾತ್ರ ಈರುಳ್ಳಿ ಬ್ರೆಡ್ಡು ಎಲ್ಲಿ ಎಂದು ಮನೆ ತನಕ ಕೇಳುತ್ತಿದ್ದ.

ಕೆಲವು ತಿಂಗಳ ಮೇಲೆ "ಯಾಕೆ ವೋಟು ಹಾಕಲಿಲ್ಲ" ಎಂದು ಕೇಳುವ ಪತ್ರ ಬಂತು. ಮೋಸದ ಪತ್ರ ಇರಬೇಕೆಂದು ಅದನ್ನೂ ಪಕ್ಕಕ್ಕಿಟ್ಟೆ. ಆಮೇಲೆ ದಂಡ. ಸುಮಾರು 100 ಡಾಲರ್. ತಪ್ಪು ಪೂರ್ತಿ ನನ್ನದೇ. ನೀವು ಅದೇ ದುಡ್ಡಿಗೆ ಡ್ಯಾಂಡಿನಾಂಗ್ ಮಾರ್ಕೆಟ್‌ನಲ್ಲಿ ತರಕಾರಿ ತನ್ನಿ.

ಎಂಟು ವರ್ಷ ಚುನಾವಣೆಯೇ ಇರಲಿಲ್ಲ

ನಮ್ಮಂಥವರಿಗೆ ಗೊತ್ತಾಗದೇ ಹೋದದ್ದಕ್ಕೆ ಒಂದು ಕಾರಣವೂ ಇದೆ. ನಮ್ಮ ಈ ಊರುಗಳು ಸೇರುವ ಕೇಸಿ ಕೌನ್ಸಿಲ್‌ಗೆ 2016ರ ಅಕ್ಟೋಬರ್ ಬಿಟ್ಟರೆ ಮತ್ತೆ ಜನ ವೋಟು ಹಾಕಿದ್ದು 2024ರಲ್ಲೇ. ನಡುವೆ ಬಂದ ನಾವ್ಯಾರೂ ಇಲ್ಲಿ ಕೌನ್ಸಿಲ್ ಚುನಾವಣೆ ಎಂಬುದನ್ನು ನೋಡಿಯೇ ಇರಲಿಲ್ಲ.

ಆದದ್ದು ಇಷ್ಟು. ಊರು ಬೆಳೆಯುವಾಗ ಯಾವ ಜಮೀನು ಮನೆಗೆ, ಯಾವುದು ಕಾರ್ಖಾನೆಗೆ ಎಂಬ ಪ್ರಶ್ನೆಯಲ್ಲಿ ಕೋಟಿಗಟ್ಟಲೆ ಹಣ ಇರುತ್ತದೆ. ನಮಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ? ಕ್ರ್ಯಾನ್‌ಬರ್ನ್ ವೆಸ್ಟ್‌ನಲ್ಲಿ ಕೈಗಾರಿಕೆಗೆ ಮೀಸಲಾದ ಜಮೀನನ್ನು ಮನೆ ಕಟ್ಟಲು ಬದಲಾಯಿಸುವ ಯತ್ನದ ಸುತ್ತ ಐಬ್ಯಾಕ್ ತನಿಖೆ ಶುರುವಾಯಿತು. ಐಬ್ಯಾಕ್ ಅಂದರೆ ನಮ್ಮ ಲೋಕಾಯುಕ್ತದ ಹಾಗೆ ವಿಕ್ಟೋರಿಯಾದ ಭ್ರಷ್ಟಾಚಾರ ತಡೆ ಸಂಸ್ಥೆ. ತನಿಖೆಗೆ ಆಪರೇಷನ್ ಸ್ಯಾಂಡನ್ ಎಂದು ಹೆಸರು. 2019ರ ನವೆಂಬರ್‌ನಲ್ಲಿ ಬಹಿರಂಗ ವಿಚಾರಣೆ ಆರಂಭವಾಯಿತು. ರಾಜ್ಯ ಸರ್ಕಾರ ಕೌನ್ಸಿಲ್ ಮೇಲೆ ಕಣ್ಣಿಡಲು ಮಾನಿಟರ್ ಒಬ್ಬರನ್ನು ನೇಮಿಸಿತು. ಅವರ ವರದಿ ಬಂದ ಮೇಲೆ 2020ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ಪಾರ್ಲಿಮೆಂಟ್ ಒಂದು ಕಾನೂನನ್ನೇ ಮಾಡಿ ಕೌನ್ಸಿಲನ್ನು ವಜಾ ಮಾಡಿತು. ಆಡಳಿತಾಧಿಕಾರಿಗಳು ಬಂದರು. ಐಬ್ಯಾಕ್ ವರದಿ 2023ರ ಜುಲೈನಲ್ಲಿ ಹೊರಬಂತು. ಇಬ್ಬರು ಮಾಜಿ ಕೌನ್ಸಿಲರ್‌ಗಳು ಒಬ್ಬ ಡೆವಲಪರ್‌ನಿಂದ ಹಣ, ನೆರವು ಪಡೆದು ಅವನ ಯೋಜನೆಗಳ ಪರವಾಗಿ ನಡೆದುಕೊಂಡರು ಎಂದಿತು. ಮುಂದೆ ಹೀಗಾಗದಂತೆ 34 ಶಿಫಾರಸು ಮಾಡಿತು. ಎಲ್ಲ ಕೌನ್ಸಿಲರ್‌ಗಳ ಮೇಲೂ ಆರೋಪ ಇರಲಿಲ್ಲ, ಮನೆಗೆ ಹೋದದ್ದು ಮಾತ್ರ ಎಲ್ಲರೂ.

ಉತ್ತರದ ಎಪ್ಪಿಂಗ್, ಮರ್ನ್‌ಡಾ, ವೊಲ್ಲರ್ಟ್ ಕಡೆ ಇರುವವರಿಗೂ ಹೀಗೇ. ಅವರ ವಿಟ್ಲ್‌ಸೀ ಕೌನ್ಸಿಲ್ ಕೂಡ ಬೇರೆ ಕಾರಣಗಳಿಗೆ 2020ರ ಮಾರ್ಚ್‌ನಲ್ಲಿ ವಜಾ ಆಗಿ, 2024ರಲ್ಲೇ ಮತ್ತೆ ಚುನಾವಣೆ ಕಂಡಿತು.

ಬೆಂಗಳೂರಿನವರು "ಅಯ್ಯೋ ಇದೇನು ಮಹಾ" ಎನ್ನಬಹುದು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಅಲ್ಲೂ ಆಡಳಿತಾಧಿಕಾರಿಯೇ. ಒಂದೇ ವರ್ಷ, ಎರಡೂ ಊರು. ಒಂದು ವ್ಯತ್ಯಾಸವಿದೆ. ಇಲ್ಲಿ ಕೌನ್ಸಿಲ್ ತೆಗೆದ ಕಾನೂನಿನಲ್ಲೇ ಮುಂದಿನ ಚುನಾವಣೆ 2024ರ ಅಕ್ಟೋಬರ್ ಎಂದು ಬರೆದಿಟ್ಟರು. ಆ ದಿನಕ್ಕೆ ನಡೆಸಿದರು. ಬೆಂಗಳೂರಿನಲ್ಲಿ ಬಿಬಿಎಂಪಿ ಎಂಬ ಹೆಸರೇ ಹೋಯಿತು, ಅದಕ್ಕೆ ಇನ್ನೊಂದು ಚುನಾವಣೆ ಬರಲಿಲ್ಲ.

ಯಾರು ವೋಟು ಹಾಕಬಹುದು

18 ತುಂಬಿದ ಆಸ್ಟ್ರೇಲಿಯಾ ಪ್ರಜೆಗಳು, ತಮ್ಮ ವಿಳಾಸದಲ್ಲಿ ಮತದಾರರ ಪಟ್ಟಿಯಲ್ಲಿದ್ದರೆ, ಹಾಕಬಹುದು ಮಾತ್ರವಲ್ಲ, ಹಾಕಲೇಬೇಕು. ಮನೆ ಬದಲಿಸಿದ ತಕ್ಷಣ ವಿಳಾಸ ಬದಲಿಸಿ. ಬಾಡಿಗೆ ಮನೆಯಿಂದ ಹೊಸ ಎಸ್ಟೇಟ್‌ಗೆ ಹೋದವರ ಕವರ್ ಹಳೇ ಮನೆಗೇ ಹೋಗುತ್ತದೆ. ಕವರ್ ಬರಲಿಲ್ಲ ಎಂಬ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ.

ಈಗ ಯಾರಿಗೂ ಗೊತ್ತಿಲ್ಲದ ವಿಷಯ. ನೀವು ಇನ್ನೂ ಪ್ರಜೆ ಆಗಿಲ್ಲ, ಪಿಆರ್ ಇದೆ, ಇಲ್ಲೇ ಮನೆ ಕೊಂಡು ಅದರಲ್ಲೇ ಇದ್ದೀರಿ, ರೇಟ್ಸ್ ಕಟ್ಟುತ್ತಿದ್ದೀರಿ. (ರೇಟ್ಸ್ ಅಂದರೆ ಮನೆ ಕಂದಾಯ.) ಫೆಡರಲ್, ಸ್ಟೇಟ್ ಚುನಾವಣೆಯಲ್ಲಿ ನಿಮಗೆ ವೋಟಿಲ್ಲ. ಆದರೆ ವಿಕ್ಟೋರಿಯಾದಲ್ಲಿ ಕೌನ್ಸಿಲ್ ಚುನಾವಣೆಗೆ ಇದೆ! ತಾನಾಗಿ ಬರುವುದಿಲ್ಲ, ಕೌನ್ಸಿಲ್‌ಗೆ ನೀವೇ ಅರ್ಜಿ ಹಾಕಬೇಕು. 2024ರಲ್ಲಿ ಪಟ್ಟಿ ಮುಚ್ಚಿದ್ದು ಆಗಸ್ಟ್ 7ರ ಸಂಜೆ 4ಕ್ಕೆ. ಚುನಾವಣೆಗೆ ಎರಡೂವರೆ ತಿಂಗಳು ಮೊದಲೇ! ಮುಂದಿನದು 2028ರ ಅಕ್ಟೋಬರ್. ಹಾಗಾಗಿ ಆ ವರ್ಷ ಜೂನ್‌ನಲ್ಲೇ ನ್ಯಾರಿ ವಾರನ್‌ನಲ್ಲಿ ಕೌನ್ಸಿಲ್ ಕಚೇರಿ ಇರುವ ಬಂಜಿಲ್ ಪ್ಲೇಸ್‌ಗೆ ಹೋಗಿ ಕೌಂಟರ್‌ನಲ್ಲಿ ಕೇಳಿ. ಹೇಗೂ ಮಕ್ಕಳನ್ನು ಅಲ್ಲಿನ ಲೈಬ್ರರಿಗೆ ಕರೆದುಕೊಂಡು ಹೋಗುತ್ತೀರಲ್ಲ.

ಕವರ್ ಒಳಗೆ

ಮತಪತ್ರ, ಅಭ್ಯರ್ಥಿಗಳ ಫೋಟೊ ಮತ್ತು ಮಾತು ಇರುವ ಪುಸ್ತಿಕೆ, ಮತಪತ್ರ ಇಡುವ ಒಂದು ಕವರ್, ಅದನ್ನು ವಾಪಸ್ ಕಳಿಸುವ ಇನ್ನೊಂದು ಕವರ್. ಸ್ಟಾಂಪ್ ಬೇಡ.

ತುಂಬಿ, ಒಳ ಕವರ್‌ಗೆ ಹಾಕಿ, ಅದರ ಮೇಲಿನ ಘೋಷಣೆಗೆ ಸಹಿ ಮಾಡಿ, ಹೊರ ಕವರ್‌ಗೆ ಹಾಕಿ, ಪೋಸ್ಟ್ ಡಬ್ಬಕ್ಕೆ ಹಾಕಿ. ಸಹಿ ಮರೆತರೆ ಎಲ್ಲ ವ್ಯರ್ಥ. 2024ರಲ್ಲಿ ಕೊನೆಯ ಗಡುವು ಶುಕ್ರವಾರ ಸಂಜೆ 6. ಶನಿವಾರ ಅಲ್ಲ, ಶುಕ್ರವಾರ. ಗಡುವಿನ ತನಕ ಕಾಯಬೇಡಿ, ಬಂದ ವಾರವೇ ಕಳಿಸಿ. ಕವರ್ ಬರದಿದ್ದರೆ, ಕಾಫಿ ಚೆಲ್ಲಿದರೆ ಚುನಾವಣಾ ಆಯೋಗಕ್ಕೆ ಫೋನ್ ಮಾಡಿ ಇನ್ನೊಂದು ತರಿಸಿಕೊಳ್ಳಿ.

ಸ್ವಲ್ಪ ಬೈಯಲೇಬೇಕಾದ ಮಾತು. ನಮ್ಮಲ್ಲಿ ಮನೆಯ ಎಲ್ಲ ಪೇಪರ್ ಕೆಲಸ ಒಬ್ಬರೇ ಮಾಡುವ ಅಭ್ಯಾಸ. ಹೆಂಡತಿಯದು, ಅಪ್ಪ ಅಮ್ಮಂದಿರದು, ಎಲ್ಲದಕ್ಕೂ ಒಬ್ಬರದೇ ಪೆನ್ನು. ಬ್ಯಾಂಕ್ ಫಾರ್ಮ್ ಬೇರೆ, ಇದು ಬೇರೆ. ಇನ್ನೊಬ್ಬರ ಮತಪತ್ರ ತುಂಬಿ ಅವರ ಸಹಿ ಹಾಕುವುದು ಅಪರಾಧ. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳಿ, ನಂಬರ್ ಯಾರಿಗೆ ಎಂಬುದು ಅವರ ಇಷ್ಟ. ಹಾಗೆಯೇ ಯಾರಾದರೂ ಮನೆಗೆ ಬಂದು "ಕವರ್ ಕೊಡಿ, ನಾವೇ ಪೋಸ್ಟ್ ಮಾಡ್ತೀವಿ" ಎಂದರೆ, ಅವರು ನಮ್ಮೂರಿನವರೇ ಆದರೂ, ಕೊಡಬೇಡಿ. 2020ರಲ್ಲಿ ಮೋರ್ಲ್ಯಾಂಡ್ ಕೌನ್ಸಿಲ್ ಚುನಾವಣೆಯಲ್ಲಿ ಮೇಲ್‌ಬಾಕ್ಸ್‌ಗಳಿಂದ ಮತಪತ್ರ ಕದ್ದ ವಿಷಯ ಕೋರ್ಟ್ ತನಕ ಹೋಯಿತು.

"ವೋಟು ಒಡೆಯುತ್ತೆ" ಎಂಬ ಭಯ ಬಿಡಿ

ಇದನ್ನು ನಿಧಾನವಾಗಿ ಓದಿ. ಊರಲ್ಲಿ ಒಂದು ಬಟನ್ ಒತ್ತಿ ಬೀಪ್ ಕೇಳಿಸಿಕೊಂಡು ಬಂದವರು ನಾವು. ಇಲ್ಲಿ ಎಲ್ಲ ಅಭ್ಯರ್ಥಿಗಳಿಗೂ ನಂಬರ್ ಕೊಡಬೇಕು. ಇಷ್ಟವಾದವರಿಗೆ 1, ಆಮೇಲೆ 2, 3, ಹೀಗೆ ಕೊನೆಯ ತನಕ. ಬರೀ 1 ಬರೆದು ಬಿಟ್ಟರೆ, ಟಿಕ್ ಮಾರ್ಕ್ ಹಾಕಿದರೆ, ಒಂದೇ ನಂಬರ್ ಎರಡು ಸಲ ಬರೆದರೆ ವೋಟು ಅಸಿಂಧು. ನೋಟಾ ಇಲ್ಲ. ಪಕ್ಷದ ಹೆಸರು, ಚಿಹ್ನೆ ಏನೂ ಮತಪತ್ರದಲ್ಲಿ ಇರುವುದಿಲ್ಲ. ಆದ್ದರಿಂದ ಪುಸ್ತಿಕೆ ಓದದೆ ಬೇರೆ ದಾರಿಯಿಲ್ಲ.

2024ರಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳ. "ನಮ್ಮವರು ಮೂವರು ನಿಂತರೆ ವೋಟು ಒಡೆಯುತ್ತೆ, ಇಬ್ಬರು ಹಿಂದೆ ಸರಿಯಲಿ" ಎಂದು. ಆ ಲೆಕ್ಕ ಊರಿನದು. ಇಲ್ಲಿನದು ನೋಡಿ.

ಒಂದು ವಾರ್ಡಿನಲ್ಲಿ 1000 ವೋಟು, ಐವರು ಅಭ್ಯರ್ಥಿಗಳು ಎಂದುಕೊಳ್ಳಿ. ಹೆಸರು ಬೇಡ, ಮರಗಳಿರಲಿ. ಆಲ 340, ಬೇವು 280, ಮಾವು 150, ಹಲಸು 130, ಹುಣಸೆ 100. ಊರಲ್ಲಾದರೆ ಆಲಕ್ಕೆ ಹಾರ ಹಾಕಿ ಪಟಾಕಿ ಹೊಡೆಯುತ್ತಿದ್ದೆವು. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು, 501. ಕಡಿಮೆ ಇರುವ ಹುಣಸೆ ಹೊರಗೆ. ಹುಣಸೆಗೆ 1 ಕೊಟ್ಟವರ ಚೀಟಿಯಲ್ಲಿ 2 ಯಾರಿಗೆ ಎಂದು ನೋಡುತ್ತಾರೆ. 80 ಹಲಸಿಗೆ, 20 ಮಾವಿಗೆ. ಈಗ ಹಲಸು 210, ಮಾವು 170. ಮಾವು ಹೊರಗೆ. ಅದರ 150 ಹಲಸಿಗೆ, 20 ಬೇವಿಗೆ. ಹಲಸು 360, ಆಲ 340, ಬೇವು 300. ಬೇವು ಹೊರಗೆ. ಅದರ 180 ಹಲಸಿಗೆ, 120 ಆಲಕ್ಕೆ. ಹಲಸು 540, ಆಲ 460. ನಾಲ್ಕನೇ ಸ್ಥಾನದಲ್ಲಿದ್ದ ಹಲಸು ಗೆದ್ದಿತು!

ಮಾವು, ಹಲಸು, ಹುಣಸೆ ಮೂವರೂ ನಮ್ಮವರೇ ಎಂದುಕೊಂಡರೆ, ಯಾರೂ ಹಿಂದೆ ಸರಿಯಬೇಕಾಗಲಿಲ್ಲ. ಆದರೆ ಗಮನಿಸಿ, ಬೇವಿಗೆ ವೋಟು ಹಾಕಿದವರು ಹಲಸನ್ನು ಒಪ್ಪದಿದ್ದರೆ ಹಲಸು ಗೆಲ್ಲುತ್ತಿರಲಿಲ್ಲ. ಬರೀ ಕನ್ನಡಿಗರ, ಬರೀ ಭಾರತೀಯರ ವೋಟು ನಂಬಿ ನಿಲ್ಲುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ನಿಮ್ಮ ವಾರ್ಡ್

ಹಿಂದೆ 6 ವಾರ್ಡ್, 11 ಕೌನ್ಸಿಲರ್‌ಗಳು ಇದ್ದರು. 2024ರಿಂದ 12 ವಾರ್ಡ್, ಒಂದಕ್ಕೆ ಒಬ್ಬರು. ಹಳಬರು ಹೇಳುವ ವಾರ್ಡ್ ಹೆಸರು ನಂಬಬೇಡಿ. ಹೊಸ ಹೆಸರುಗಳಲ್ಲಿ ಗಿಡ ಮರಗಳೇ ಜಾಸ್ತಿ, ಕೆಲವು ನಮಗೂ ನೆಂಟರೇ. ಕ್ಯಾಸುರಿನಾ ಅಂದರೆ ನಮ್ಮ ಕರಾವಳಿಯ ಗಾಳಿ ಮರ. ಗ್ರೆವಿಲಿಯಾ ಜಾತಿಯದೇ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್. ರಿವರ್ ಗಮ್, ನೀಲಗಿರಿ ಬಳಗ. ಸಿಲ್ವರ್ ಓಕ್, ನೀಲಗಿರಿ ಇಲ್ಲಿಂದಲೇ ಅಲ್ಲಿಗೆ ಬಂದವು. ಕೇಸಿ ಎಂಬ ಹೆಸರು ಬೆರಿಕ್‌ನಲ್ಲಿ ಬಾಳಿದ ಲಾರ್ಡ್ ಕೇಸಿ ಅವರದು. ಗವರ್ನರ್ ಜನರಲ್ ಆಗುವ ಮೊದಲು, 1944ರಿಂದ 46ರವರೆಗೆ, ಬಂಗಾಳದ ಗವರ್ನರ್ ಆಗಿದ್ದವರು.

ಮೇಯರ್‌ಗೆ ನಾವು ವೋಟು ಹಾಕುವುದಿಲ್ಲ. ಗೆದ್ದ ಕೌನ್ಸಿಲರ್‌ಗಳೇ ಆರಿಸಿಕೊಳ್ಳುತ್ತಾರೆ.

ಕೌನ್ಸಿಲರ್‌ಗೆ ಏನು ಕೇಳಬಹುದು

ಕೇಳಬಹುದು: ಕಸದ ಬಿನ್, ಬೀದಿ ರಸ್ತೆ, ಫುಟ್‌ಪಾತ್, ಪಾರ್ಕ್, ಲೈಬ್ರರಿ, ಕಿಂಡರ್, ಹಸುಗೂಸಿನ ನರ್ಸ್ ಸೇವೆ, ಶಾಲೆ ಹತ್ತಿರದ ಕ್ರಾಸಿಂಗ್, ನಾಯಿ ನೋಂದಣಿ, ಸಮುದಾಯ ಭವನ.

ಕೇಳಬೇಡಿ: ವೀಸಾ, ರೈಲು, ಪೊಲೀಸ್, ಆಸ್ಪತ್ರೆ, ಸರ್ಕಾರಿ ಶಾಲೆಯ ಸೀಟು, ಹೆದ್ದಾರಿ.

ರೇಟ್ಸ್ ನಾಲ್ಕು ಕಂತು: ಸೆಪ್ಟೆಂಬರ್ 30, ನವೆಂಬರ್ 30, ಫೆಬ್ರವರಿ 28, ಮೇ 31. ವರ್ಷಕ್ಕೆ ಎಷ್ಟು ಏರಿಸಬಹುದು ಎಂಬುದಕ್ಕೆ ರಾಜ್ಯ ಸರ್ಕಾರದ ಮಿತಿ ಇದೆ. 2024-25ಕ್ಕೆ ಅದು ಶೇ. 2.75 ಇತ್ತು.

ಒಂದು ಮುಜುಗರದ ವಿಷಯ. ರಾಜ್ಯೋತ್ಸವಕ್ಕೆ ಕೌನ್ಸಿಲರ್ ಬಂದರೆ ಶಾಲು, ಹಾರ, ಮೈಸೂರು ಪೇಟ ನಮ್ಮ ಸಂಪ್ರದಾಯ, ಅದರಲ್ಲಿ ತಪ್ಪಿಲ್ಲ. ಆದರೆ ಮನೆ ಪ್ಲಾನ್ ಅರ್ಜಿ ಹಾಕಿದ ವಾರ ಡ್ರೈ ಫ್ರೂಟ್ಸ್ ಡಬ್ಬ ಹಿಡಿದು ಹೋಗಬೇಡಿ. ನಿಮಗೆ ಅದು ಸುಮ್ನೆ ಪ್ರೀತಿ. ಸ್ಯಾಂಡನ್ ವರದಿ ಓದಿದವರಿಗೆ ಅದು ಬೇರೇನೋ. ಪಾಪ, ಅವರು ಅದನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕೋ, ವಾಪಸ್ ಕೊಡಬೇಕೋ ಎಂದು ಒದ್ದಾಡಬೇಕು. ಕೌನ್ಸಿಲರ್ ಫೋನ್ ಮಾಡಿ ಪರ್ಮಿಟ್ ಕೊಡಿಸುವ ಪದ್ಧತಿಯೂ ಇಲ್ಲಿಲ್ಲ.

ಸಂಘ ಏನು ಮಾಡುತ್ತದೆ

ಯಾರಿಗೆ ವೋಟು ಎಂದು ಸಂಘ ಹೇಳುವುದಿಲ್ಲ. ಗುಂಪಿನಲ್ಲಿ ಪಟ್ಟಿ ಹಾಕಿದರೆ ಅಡ್ಮಿನ್ ತೆಗೆಯುತ್ತಾರೆ, ಮುನಿಸಿಕೊಳ್ಳಬೇಡಿ. 2028ರಲ್ಲಿ ಕವರ್ ಬಂದ ಮೊದಲ ಭಾನುವಾರ ಒಟ್ಟಿಗೆ ಕೂತು ಪುಸ್ತಿಕೆ ಓದೋಣ ಎಂದುಕೊಂಡಿದ್ದೇವೆ. ಇಂಗ್ಲಿಷ್ ಕಷ್ಟ ಇರುವ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳುತ್ತೇವೆ. ಮತಪತ್ರ ಮನೆಯಲ್ಲೇ ಇರಲಿ, ಪುಸ್ತಿಕೆ ಮಾತ್ರ ತನ್ನಿ. ಪುಳಿಯೋಗರೆ ನಾನು ತರುತ್ತೇನೆ. ಮಕ್ಕಳಿಗೆ ಈರುಳ್ಳಿ ಬ್ರೆಡ್ಡು ಕೂಡ.